ಗ್ರೀಸ್ ಗನ್ ಆರಿಸುವುದು, ಬಳಸುವುದು ಹೇಗೆ?



ನಮ್ಮ ತಾತ ಬಂಡಿ ಹೂಡುವ ಕಾಲದಲ್ಲಿ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ಇಟ್ಟುಕೊಂಡು ಅಚ್ಚಿಗೆ ಬಳಿಯುತ್ತಿದ್ದರಂತೆ. ಟ್ರ್ಯಾಕ್ಟರಿಗೆ ಹಾಗೆ ಬಳಿಯಲು ಆಗುವುದಿಲ್ಲ. ಅದರ ಕೀಲುಗಳು ಒಳಗೆ ಮುಚ್ಚಿಕೊಂಡಿರುತ್ತವೆ. ಅಲ್ಲಿಗೆ ಗ್ರೀಸ್ ತಳ್ಳುವ ಸಾಧನವೇ ಗ್ರೀಸ್ ಗನ್. ನಮ್ಮ ಮನೇಲಿ ಗ್ರೀಸ್ ಪಂಪು ಅಂತಾರೆ. ಇದನ್ನೇ ಬರೆಯಲು ಒಂದು ಕಾರಣ ಇದೆ. ಕೊನೆಗೆ ಹೇಳುತ್ತೇನೆ.

ಗ್ರೀಸ್ ಎಂದರೇನು?
ಎಣ್ಣೆಗೆ ಸಾಬೂನಿನಂಥ ಪದಾರ್ಥ ಸೇರಿಸಿ ಗಟ್ಟಿ ಮಾಡಿದರೆ ಗ್ರೀಸ್ ಆಗುತ್ತದೆ. ಸ್ಪಂಜು ನೀರು ಹಿಡಿದ ಹಾಗೆ ಅದು ಎಣ್ಣೆಯನ್ನು ಹಿಡಿದುಕೊಂಡಿರುತ್ತದೆ. ಆದ್ದರಿಂದ ಬೇಗ ಹರಿದು ಹೋಗುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವುದನ್ನು ತಡೆಯುತ್ತದೆ, ನೀರು ಮಣ್ಣು ಒಳಗೆ ಹೋಗದಂತೆಯೂ ನೋಡಿಕೊಳ್ಳುತ್ತದೆ.

ಗನ್ ಕೆಲಸ ಮಾಡುವ ರೀತಿ
ಕೊಳವೆಯೊಳಗೆ ಒಂದು ಸ್ಪ್ರಿಂಗ್ ಇದೆ. ಅದು ಗ್ರೀಸನ್ನು ಬಾಯಿಯ ಹತ್ತಿರ ತರುತ್ತದೆ, ಅಷ್ಟೇ. ಜೋರಾಗಿ ತಳ್ಳುವುದು ಹಿಡಿಕೆ. ಹಿಡಿಕೆ ಎಂದರೆ ನಾವು ವಿಜ್ಞಾನದಲ್ಲಿ ಓದಿದ ಸನ್ನೆ. ನಾನು ಸ್ಕೇಲ್ ಇಟ್ಟು ಅಳೆದೆ. ಆಧಾರ ಬಿಂದುವಿನಿಂದ ನನ್ನ ಕೈಗೆ 20 ಸೆಂ.ಮೀ., ಒಳಗಿನ ಸಣ್ಣ ಕಡ್ಡಿಗೆ 2 ಸೆಂ.ಮೀ. ಅಂದರೆ ಬಲ 10 ಪಟ್ಟು. ನಾನು 10 ಕಿಲೋ ತೂಕದಷ್ಟು ಒತ್ತಿದರೆ ಕಡ್ಡಿಯ ಮೇಲೆ 100 ಕಿಲೋ ಬೀಳುತ್ತದೆ. ಆ ಕಡ್ಡಿ ಪೆನ್ಸಿಲ್ಲಿನಷ್ಟೇ ದಪ್ಪ. ಸಣ್ಣ ಜಾಗದ ಮೇಲೆ ದೊಡ್ಡ ಬಲ ಬಿದ್ದರೆ ಒತ್ತಡ ಬಹಳ ಹೆಚ್ಚು.

ಗ್ರೀಸ್ ಒಳಗೆ ಹೋಗುವ ಬಾಗಿಲು ನಿಪ್ಪಲ್. ಅದರ ತುದಿಯಲ್ಲಿ ಒಂದು ಪುಟ್ಟ ಗುಂಡು, ಹಿಂದೆ ಸ್ಪ್ರಿಂಗ್. ಅದು ಒಳಕ್ಕೆ ಮಾತ್ರ ತೆರೆಯುತ್ತದೆ. ಇಂಥ ನಿಪ್ಪಲ್ಲಿಗೆ ಆಸ್ಕರ್ ಜರ್ಕ್ ಎಂಬುವರಿಗೆ ಅಮೆರಿಕದಲ್ಲಿ 1929ರಲ್ಲಿ ಪೇಟೆಂಟ್ ಸಿಕ್ಕಿತು.

ಯಾವುದನ್ನು ಕೊಳ್ಳಬೇಕು?
ಒಂದೇ ಕೈಯಲ್ಲಿ ಒತ್ತುವ ಪಿಸ್ತೂಲಿನಂಥದ್ದು, ಉದ್ದ ಹಿಡಿಕೆಯದ್ದು, ಬ್ಯಾಟರಿಯದ್ದು ಹೀಗೆ ಹಲವು ವಿಧ ಇವೆ. ಮನೆ ಬಳಕೆಗೆ ಉದ್ದ ಹಿಡಿಕೆಯದ್ದು ಸಾಕು. ಬಲ ಹೆಚ್ಚು ಸಿಗುತ್ತದೆ, ಕೆಟ್ಟರೆ ರಿಪೇರಿ ಸುಲಭ. ಗಟ್ಟಿ ಪೈಪಿನ ಜೊತೆ ಬಾಗುವ ರಬ್ಬರ್ ಪೈಪೂ ಇರಲಿ, ಇಕ್ಕಟ್ಟಿನ ಜಾಗಕ್ಕೆ ಬೇಕು. ಮುಖ್ಯವಾಗಿ ಮೂತಿ ನಿಪ್ಪಲ್ಲನ್ನು ಬಿಗಿಯಾಗಿ ಕಚ್ಚುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ.

ಬಳಸುವ ವಿಧಾನ
1. ಹಿಂದಿನ ಸರಳನ್ನು ಎಳೆದು ಸಿಕ್ಕಿಸಿ, ತಲೆ ಬಿಚ್ಚಿ, ಗಾಳಿ ಉಳಿಯದಂತೆ ಗ್ರೀಸ್ ತುಂಬಬೇಕು. ಮತ್ತೆ ತಲೆ ಹಾಕಿ ಸರಳು ಬಿಡಬೇಕು.
2. ಮೂತಿಯಿಂದ ಗ್ರೀಸ್ ಬರುವವರೆಗೆ ಒತ್ತಿ ನೋಡಬೇಕು. ಬಾರದಿದ್ದರೆ ಗಾಳಿ ಸಿಕ್ಕಿದೆ ಎಂದು ಅರ್ಥ. ತಲೆ ಸ್ವಲ್ಪ ಸಡಿಲಿಸಿದರೆ ಗಾಳಿ ಹೋಗುತ್ತದೆ.
3. ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಮಣ್ಣನ್ನೇ ಒಳಗೆ ತಳ್ಳಿದ ಹಾಗೆ.
4. ಮೂತಿಯನ್ನು ನೇರವಾಗಿ ಕೂರಿಸಿ ನಿಧಾನ ಒತ್ತಬೇಕು. ಬುಷ್ ಇರುವ ಕಡೆ ಅಂಚಿನಲ್ಲಿ ಹೊಸ ಗ್ರೀಸ್ ಕಂಡ ಮೇಲೆ ನಿಲ್ಲಿಸಬೇಕು. ಸೀಲ್ ಇರುವ ಬೇರಿಂಗಿಗೆ ಜಾಸ್ತಿ ಹೊಡೆದರೆ ಸೀಲ್ ಹರಿಯುತ್ತದೆ, ಆದ್ದರಿಂದ ಟ್ರ್ಯಾಕ್ಟರ್ ಪುಸ್ತಕದಲ್ಲಿ ಹೇಳಿದಷ್ಟೇ ಹೊಡೆಯಬೇಕು.

ಎಚ್ಚರಿಕೆ: ಮೂತಿಯ ಮುಂದೆ ಬೆರಳು ಇಡಲೇಬೇಡಿ. ಅಷ್ಟು ಒತ್ತಡದಲ್ಲಿ ಗ್ರೀಸ್ ಚರ್ಮದೊಳಗೆ ನುಗ್ಗಬಹುದು. ಗಾಯ ಸೂಜಿ ಚುಚ್ಚಿದಷ್ಟು ಕಂಡರೂ, ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗ ಕಾರಣ ಹೇಳುತ್ತೇನೆ. ನಮ್ಮ ಟ್ರ್ಯಾಕ್ಟರಿಗೆ ಗ್ರೀಸ್ ಹೊಡೆಯುವುದು ನನ್ನ ಕೆಲಸ. ಮುಂದಿನ ಎಡ ಚಕ್ರದ ನಿಪ್ಪಲ್ ಕಟ್ಟಿಕೊಂಡಿತ್ತು. ಎಷ್ಟು ಒತ್ತಿದರೂ ಗ್ರೀಸ್ ಪಕ್ಕಕ್ಕೇ ಚೆಲ್ಲುತ್ತಿತ್ತು. ನಾನು ಚೆಲ್ಲಿದ್ದನ್ನು ಒರೆಸಿ, "ಹೊಡೆದೆ ಅಪ್ಪಾ" ಅಂದೆ. ಹೀಗೆ ಎಷ್ಟೋ ವಾರ ಮಾಡಿದೆ. ಕಳೆದ ಮುಂಗಾರಿನಲ್ಲಿ ಮೆಕ್ಕೆಜೋಳ ಬಿತ್ತುವ ದಿನವೇ ಚಕ್ರ ಅಲ್ಲಾಡತೊಡಗಿತು. ಬಿಚ್ಚಿ ನೋಡಿದ ಮೆಕ್ಯಾನಿಕ್, "ಇದಕ್ಕೆ ಗ್ರೀಸೇ ಹೋಗಿಲ್ಲಣ್ಣ, ಬುಷ್ ಪೂರ್ತಿ ಸವೆದಿದೆ" ಅಂದರು. ಸಾಮಾನು ಬರಲು ಮೂರು ದಿನ ಆಯಿತು. ಅಷ್ಟರಲ್ಲಿ ಹೊಲದ ಹದ ಆರಿತು. ಅಪ್ಪ ನನ್ನನ್ನು ಬಯ್ಯಲಿಲ್ಲ. ಮೆಕ್ಯಾನಿಕ್ಕೇ ಸರಿಯಾಗಿ ನೋಡಿಲ್ಲ ಅಂದುಕೊಂಡರು. ನಾನೂ ಸುಮ್ಮನಿದ್ದೆ. ಮೊನ್ನೆ ರಾತ್ರಿ ಊಟ ಮಾಡುವಾಗ ನಿಜ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಟ್ಟಿಕೊಂಡಿದೆ ಅಂತ ಆವತ್ತೇ ಹೇಳಿದ್ದರೆ ಒಂದು ನಿಪ್ಪಲ್ ಬದಲಾಯಿಸಿದ್ರೆ ಮುಗೀತಿತ್ತಲ್ಲೋ" ಅಂದರು.

ಗೆಳೆಯರೇ, ಎಷ್ಟು ಸಲ ಒತ್ತಿದೆವು ಎಂದು ಲೆಕ್ಕ ಇಡಬೇಡಿ. ಗ್ರೀಸ್ ಒಳಗೆ ಹೋಯಿತೇ ಎಂದು ನೋಡಿ. ಹೋಗದಿದ್ದರೆ ದೊಡ್ಡವರಿಗೆ ಹೇಳಿ. ಇವತ್ತು ಸಂಜೆ ನಿಮ್ಮ ಮನೆಯ ಟ್ರ್ಯಾಕ್ಟರ್, ಟ್ರೇಲರಿನಲ್ಲಿ ಎಷ್ಟು ನಿಪ್ಪಲ್ ಇವೆ ಎಣಿಸಿ, ಯಾವುದು ಕಟ್ಟಿದೆ ನೋಡಿ, ನಾಳೆ ನನಗೆ ತಿಳಿಸಿ.


– 7ನೇ ತರಗತಿಯ ವಿದ್ಯಾರ್ಥಿ