ಯಾವ ಆಸೆ ದುಃಖಕ್ಕೆ ಮೂಲ?



ಇಂದಿನ ಚಿಂತನೆಗೆ ಒಂದು ಪದ: 'ಡಿಸೈರ್'. ಕನ್ನಡದಲ್ಲಿ ಆಸೆ ಎನ್ನುತ್ತೇವೆ. ಆಸೆಯೇ ದುಃಖಕ್ಕೆ ಮೂಲ ಎಂದು ಎಲ್ಲರೂ ಕೇಳಿದ್ದೇವೆ. ಹಾಗಾದರೆ ಮಕ್ಕಳು ಓದಲಿ, ಸ್ವಂತ ಸೂರು ಇರಲಿ ಎಂಬ ನಮ್ಮ ಆಸೆಯೂ ತಪ್ಪೇ?

ಉರ್ದು ಮನೆಮಾತಿನ ಮಕ್ಕಳಿಗೆ ಈ ಪದದ ಅರ್ಥ ಹೇಳುವಾಗ ನಾನು ನಾಲ್ಕು ಪದ ಬರೆಯುತ್ತೇನೆ. ಖ್ವಾಹಿಶ್ ಎಂದರೆ ಬಯಕೆ. ಆರ್ಜೂ ಎಂದರೆ ಹಂಬಲ. ಹವಸ್ ಎಂದರೆ ಮಿತಿಮೀರಿದ ಲಾಲಸೆ. ತಿಶ್ನಗೀ ಎಂದರೆ ಬಾಯಾರಿಕೆ, ತೀರದ ದಾಹ. ಪಾರಸಿಯಿಂದ ಬಂದ ಈ ಕೊನೆಯ ಪದವೂ ಪಾಳಿಯ 'ತಣ್ಹಾ', ಸಂಸ್ಕೃತದ 'ತೃಷ್ಣಾ' ಪದಗಳೂ ಒಂದೇ ಬೇರಿನವು.

ಬುದ್ಧರು ದುಃಖದ ಕಾರಣ ಎಂದದ್ದು ಈ ತಣ್ಹಾವನ್ನು, ಎಲ್ಲ ಬಯಕೆಯನ್ನೂ ಅಲ್ಲ. ಒಳಿತು ಮಾಡುವ ಇಚ್ಛೆಗೆ ಪಾಳಿಯಲ್ಲಿ 'ಕುಸಲ ಛಂದ' ಎಂಬ ಬೇರೆ ಹೆಸರೇ ಇದೆ. ನಾಲ್ಕು ಇದ್ಧಿಪಾದಗಳಲ್ಲಿ ಮೊದಲನೆಯದೇ ಛಂದ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಅದು ಒಬ್ಬರ ಬಾಯಾರಿಕೆಯ ಮಾತಲ್ಲ, ಎಲ್ಲರ ಹಕ್ಕಿನ ಮಾತು. ಅಂಥ ಬಯಕೆಯನ್ನು ಬಿಡಿ ಎಂದು ಯಾರಾದರೂ ಧಮ್ಮದ ಹೆಸರಿನಲ್ಲಿ ಹೇಳಿದರೆ ಒಪ್ಪಬೇಡಿ.

ಮಗಳ ಫೀಸಿಗೆ ದುಡ್ಡು ಹೊಂದಿಸುವುದು ಛಂದ. ಪಕ್ಕದ ಮನೆಯವರಿಗಿಂತ ದೊಡ್ಡ ಮದುವೆ ಮಾಡಬೇಕೆಂದು ಸಾಲ ತರುವುದು ತಣ್ಹಾ. ಇಂದು ಮನಸ್ಸಿನಲ್ಲಿ ಏನಾದರೂ 'ಬೇಕು' ಎನಿಸಿದಾಗ, ಅದು ಯಾವುದೆಂದು ಒಮ್ಮೆ ಕೇಳಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.