ಸಾಧಾರಣ ಫೋನ್‌ನಲ್ಲೂ ಆ್ಯಪ್ ಚುರುಕಾಗಿರಲಿ: ಆರು ಹಂತಗಳು

ಆ್ಯಪ್ ರೂಪಿಸುವವರ ಮೇಜಿನ ಮೇಲೆ ವೇಗದ ಫೋನ್, ಪಕ್ಕದಲ್ಲೇ ವೈಫೈ ಇರುತ್ತದೆ. ಬಳಸುವವರ ಕೈಯಲ್ಲಿರುವುದು ಹಳೆಯ ಫೋನ್, ಬಂದು ಹೋಗುವ ಸಿಗ್ನಲ್. ಆ್ಯಪ್‌ನ ಗುಣ ತಿಳಿಯುವುದು ಅಲ್ಲೇ. ಆಂಡ್ರಾಯ್ಡ್ ಆ್ಯಪ್ ಸಿದ್ಧಪಡಿಸುತ್ತಿರುವ ವಿದ್ಯಾರ್ಥಿಗಳು, ಸಣ್ಣ ತಂಡಗಳು ಈ ಕ್ರಮ ಅನುಸರಿಸಬಹುದು.

1. ಮೊದಲು ಅಳೆಯಿರಿ
ಕಡಿಮೆ ಬೆಲೆಯ ಫೋನ್‌ನಲ್ಲಿ ರಿಲೀಸ್ ಬಿಲ್ಡ್ ಹಾಕಿ ನೋಡಿ. ಡಿಬಗ್ ಬಿಲ್ಡ್ ಹೇಗೂ ನಿಧಾನ, ಅದರ ಲೆಕ್ಕ ನಂಬಬೇಡಿ. ಪೂರ್ತಿ ಮುಚ್ಚಿದ್ದ ಆ್ಯಪ್ ತೆರೆಯಲು 5 ಸೆಕೆಂಡ್ ಹಿಡಿದರೆ ಗೂಗಲ್ ಅದನ್ನು ಅತಿ ನಿಧಾನ ಎಂದೇ ಗುರುತಿಸುತ್ತದೆ. ಸಮಯ ಎಲ್ಲಿ ಪೋಲಾಗುತ್ತಿದೆ ಎಂಬುದನ್ನು ಆಂಡ್ರಾಯ್ಡ್ ಸ್ಟುಡಿಯೋದ ಪ್ರೊಫೈಲರ್ ತೋರಿಸುತ್ತದೆ. ಊಹೆಯ ಮೇಲೆ ಕೋಡ್ ತಿದ್ದಬೇಡಿ.

2. ಮೇನ್ ಥ್ರೆಡ್‌ಗೆ ಹೊರೆ ಬೇಡ
ಪರದೆ ಮೂಡಿಸುವುದು, ಸ್ಪರ್ಶಕ್ಕೆ ಸ್ಪಂದಿಸುವುದು ಎರಡೂ ಇದರದೇ ಕೆಲಸ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಡೇಟಾಬೇಸ್, ನೆಟ್‌ವರ್ಕ್ ಕೆಲಸಗಳನ್ನು ಕೊರೂಟೀನ್ ಬಳಸಿ ಹಿನ್ನೆಲೆಗೆ ಕಳಿಸಿ. ಸ್ಪರ್ಶಕ್ಕೆ 5 ಸೆಕೆಂಡ್ ಕಳೆದರೂ ಸ್ಪಂದನೆ ಇಲ್ಲದಿದ್ದರೆ ಅದು ‘ಎಎನ್‌ಆರ್’ ಆಗಿ ದಾಖಲಾಗುತ್ತದೆ.

3. ಚಿತ್ರಗಳನ್ನು ಕುಗ್ಗಿಸಿ
4000×3000 ಪಿಕ್ಸೆಲ್‌ನ ಫೋಟೊ ಫೈಲ್ ಆಗಿ 3–4 ಎಂಬಿ ಇರಬಹುದು. ಆದರೆ ಪರದೆಗೆ ತರಲು ಬಿಡಿಸಿದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ ಮೆಮೊರಿ ನುಂಗುತ್ತದೆ. ಅದನ್ನೇ 400×300ಕ್ಕೆ ಇಳಿಸಿ ತೋರಿಸಿದರೆ ಅರ್ಧ ಎಂಬಿ ಸಾಕು. ಗ್ಲೈಡ್, ಕಾಯಿಲ್ ಲೈಬ್ರರಿಗಳು ಈ ಕೆಲಸ ಮಾಡಿಕೊಡುತ್ತವೆ. ಮೆಮೊರಿ ಸೋರಿಕೆ ಪತ್ತೆಗೆ ಲೀಕ್‌ಕೆನರಿ ಇದೆ.

4. ನೆಟ್ ಇಲ್ಲದಾಗಲೂ ನಡೆಯಲಿ
ಬಳಕೆದಾರರು ತುಂಬಿದ ಫಾರಂ ಮೊದಲು ಫೋನ್‌ನಲ್ಲೇ, ರೂಮ್ ಡೇಟಾಬೇಸ್‌ನಲ್ಲಿ ಉಳಿಯಲಿ. ಸಂಪರ್ಕ ಸಿಕ್ಕಾಗ ವರ್ಕ್‌ಮ್ಯಾನೇಜರ್ ಅದನ್ನು ಸರ್ವರ್‌ಗೆ ಕಳಿಸಲಿ. ಸಿಗ್ನಲ್ ಹೋಯಿತೆಂದು ಬರೆದದ್ದೆಲ್ಲ ಅಳಿಸಿಹೋಗಬಾರದು.

5. ಮರುಪ್ರಯತ್ನದಲ್ಲಿ ಎಚ್ಚರ
ಕೋರಿಕೆ ವಿಫಲವಾದರೆ 1, 2, 4 ಸೆಕೆಂಡ್ ಹೀಗೆ ಅಂತರ ಹೆಚ್ಚಿಸುತ್ತ ಮತ್ತೆ ಯತ್ನಿಸಿ. ಹಣ ಪಾವತಿಯಾದರೆ ಪ್ರತಿ ಯತ್ನಕ್ಕೂ ಅದೇ ವಹಿವಾಟು ಸಂಖ್ಯೆ ಹೋಗಬೇಕು, ಸರ್ವರ್ ಅದನ್ನು ಪರಿಶೀಲಿಸಬೇಕು. ಇಲ್ಲವಾದರೆ ಗ್ರಾಹಕರ ಹಣ ಎರಡು ಬಾರಿ ಕಡಿತವಾದೀತು.

6. ಹಂತ ಹಂತವಾಗಿ ಬಿಡುಗಡೆ ಮಾಡಿ
ಹೊಸ ಆವೃತ್ತಿ ಮೊದಲು ಶೇ 5ರಷ್ಟು ಮಂದಿಗೆ ತಲುಪಲಿ. ಕ್ರ್ಯಾಶ್‌ಲಿಟಿಕ್ಸ್ ಮತ್ತು ಪ್ಲೇ ಕನ್ಸೋಲ್‌ನ ವರದಿ ನೋಡಿ ಮುಂದುವರಿಯಿರಿ. ದಿನದ ಬಳಕೆದಾರರಲ್ಲಿ ಶೇ 1.09ರಷ್ಟು ಮಂದಿಗೆ ಕ್ರ್ಯಾಶ್ ಅಥವಾ ಶೇ 0.47ರಷ್ಟು ಮಂದಿಗೆ ಎಎನ್‌ಆರ್ ಎದುರಾದರೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಆ್ಯಪ್ ಕಾಣಿಸಿಕೊಳ್ಳುವುದೇ ಕಡಿಮೆಯಾಗಬಹುದು. ದೋಷ ಕಂಡರೆ ಬಿಡುಗಡೆ ತಡೆಯಿರಿ. ಆದರೆ ಈಗಾಗಲೇ ಇನ್‌ಸ್ಟಾಲ್ ಆದದ್ದು ತಾನಾಗಿ ಹಿಂದಕ್ಕೆ ಹೋಗದು. ಸರಿಪಡಿಸಿದ ಆವೃತ್ತಿಯನ್ನೇ ಕಳಿಸಬೇಕು.

ಹೊಸ ಫೀಚರ್ ಒಂದು ವಾರ ತಡವಾದರೆ ಬಳಕೆದಾರರು ಕಾಯುತ್ತಾರೆ. ತುರ್ತಿಗೆ ತೆರೆದಾಗ ಕೈಕೊಡುವ ಆ್ಯಪನ್ನು ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಮುಂದಿನ ಫೀಚರ್‌ಗೆ ಕೈಹಾಕುವ ಮುನ್ನ, ಮನೆಯಲ್ಲಿರುವ ಅತಿ ಹಳೆಯ ಫೋನ್‌ನಲ್ಲಿ ನಿಮ್ಮ ಆ್ಯಪ್ ಒಮ್ಮೆ ಚಲಾಯಿಸಿ ನೋಡಿ.