ಹನ್ನೆರಡು ಕೀಮೋ, ಒಂದು ಫೈಲು

ನನ್ನ ರೂಮ್‌ಮೇಟಿಗೆ ಹಾಜ್‌ಕಿನ್ ಲಿಂಫೋಮಾ ಎಂದು ಗೊತ್ತಾದಾಗ ಅವನಿಗೆ 26 ವರ್ಷ. ಕತ್ತಿನ ಗಂಟಿನ ಬಯಾಪ್ಸಿ ರಿಪೋರ್ಟು ಬಂದ ದಿನದಿಂದ ಕೊನೆಯ ಕೀಮೋವರೆಗೆ ಬೆಂಗಳೂರಿನಲ್ಲಿ ಅವನ ಜೊತೆ ಓಡಾಡಿದೆ. ಎಬಿವಿಡಿ ಅಂತ ನಾಲ್ಕು ಔಷಧಿಗಳ ಕೀಮೋ, ಎರಡು ವಾರಕ್ಕೊಮ್ಮೆ, ಒಟ್ಟು 12 ಸಲ. ನರ್ಸೂ ಅಲ್ಲದ, ನೆಂಟನೂ ಅಲ್ಲದ ನಾನು ಕಲಿತದ್ದು ಇಷ್ಟು.

1. ‘ಏನಾದ್ರೂ ಬೇಕಿದ್ರೆ ಹೇಳು’ ಅನ್ನಬೇಡಿ. ಅವನು ಹೇಳುವುದಿಲ್ಲ. ಒಂದು ಕೆಲಸ ಹಿಡಿದುಕೊಳ್ಳಿ. ನಾನು ಫೈಲು ಹಿಡಿದುಕೊಂಡೆ: ರಕ್ತ ಪರೀಕ್ಷೆ ರಿಪೋರ್ಟು, ಸ್ಕ್ಯಾನ್ ಸಿಡಿ, ಆಧಾರ್, ರೇಷನ್ ಕಾರ್ಡು, ಎಲ್ಲದರದ್ದೂ ಮೂರು ಮೂರು ಜೆರಾಕ್ಸ್. ಬಯಾಪ್ಸಿಯ ಬ್ಲಾಕು, ಸ್ಲೈಡು ಲ್ಯಾಬಿನಿಂದ ಕೇಳಿ ತಂದಿಟ್ಟುಕೊಳ್ಳಿ. ಬೇರೆ ಡಾಕ್ಟರಿಗೆ ತೋರಿಸಬೇಕಾದರೆ ರಿಪೋರ್ಟಿನ ಹಾಳೆಯೊಂದೇ ಸಾಲದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಅದನ್ನು ಚಿಕಿತ್ಸೆ ಶುರುವಾಗುವ ಮೊದಲೇ ವಿಚಾರಿಸಿ. ದುಡ್ಡು ಕಟ್ಟಿ ಆಮೇಲೆ ಕೌಂಟರಿನಲ್ಲಿ ಅಂಗಲಾಚಿದವರನ್ನು ಕಂಡಿದ್ದೇನೆ.

2. ಈ ವಯಸ್ಸಿನ ಹುಡುಗನಿಗೆ ಅಮ್ಮನ ಮುಂದೆ ಕೇಳಲಾಗದ ಪ್ರಶ್ನೆಯೊಂದು ಇರುತ್ತದೆ. ಡಾಕ್ಟರ ಎದುರು ಅವನಮ್ಮ, ಸೋದರಮಾವ ಕೂತಿದ್ದರು. ಮೇಜಿನ ಕೆಳಗೆ ಅವನು ನನ್ನ ಕಾಲು ತುಳಿದ. ‘ಆಂಟಿ, ಬಿಲ್ಲಿಂಗ್‌ನಲ್ಲಿ ನಿಮ್ಮ ಸಹಿ ಬೇಕಂತೆ, ಅಂಕಲ್ ನೀವೂ ಬನ್ನಿ’ ಎಂದು ಇಬ್ಬರನ್ನೂ ಹೊರಡಿಸಿದೆ. ಹಸಿ ಸುಳ್ಳು. ಆ ಐದು ನಿಮಿಷದಲ್ಲಿ ಅವನು ಕೇಳಿದ: ಮುಂದೆ ಮಕ್ಕಳಾಗುತ್ತವಾ? ಈ ಕೀಮೋದಲ್ಲಿ ಆ ಅಪಾಯ ಕಡಿಮೆ, ಆದರೂ ವೀರ್ಯ ತೆಗೆದಿಡಿಸುವುದಾದರೆ ಮೊದಲ ಡೋಸಿಗೆ ಮುಂಚೆಯೇ ಆಗಬೇಕು ಅಂದರಂತೆ. ಎರಡು ದಿನದಲ್ಲಿ ಆ ಕೆಲಸವೂ ಮುಗಿಯಿತು. ಸಹಿ ಏನಾಯಿತು ಎಂದು ಆಂಟಿ ಕೇಳಲೇ ಇಲ್ಲ. ಅವರಿಗೂ ಗೊತ್ತಾಗಿತ್ತೇನೋ.

3. ಕೀಮೋ ದಿನ ಇಷ್ಟದ ತಿಂಡಿ ಕೊಡಬೇಡಿ. ಮೊದಲ ಸಲ ಪ್ರೀತಿ ಉಕ್ಕಿ ಪುಳಿಯೋಗರೆ ಕಟ್ಟಿಸಿಕೊಂಡು ಹೋಗಿದ್ದೆ. ಸಿರಿಂಜಿನಲ್ಲಿ ಶರಬತ್ತಿನಂತೆ ಕೆಂಪಗಿದ್ದ ಡಾಕ್ಸೊರೂಬಿಸಿನ್. ಬೆಳಕು ತಾಗಬಾರದೆಂದು ಹೊದಿಕೆ ಹಾಕಿದ ಡಕಾರ್ಬಜಿನ್. ಸಂಜೆ ಮೂರು ಸಲ ವಾಂತಿ. ಅಲ್ಲಿಗೆ ಪುಳಿಯೋಗರೆಯ ಋಣ ಹರಿಯಿತು. ಇವತ್ತಿಗೂ ವಾಸನೆ ಬಂದರೆ ಎದ್ದು ಹೋಗುತ್ತಾನೆ. ವಾಂತಿಗೂ ಕೊನೆಗೆ ತಿಂದದ್ದಕ್ಕೂ ದೇಹ ಗಂಟು ಹಾಕಿಬಿಡುತ್ತದೆ. ಆಮೇಲಾಮೇಲೆ ಇಡ್ಲಿ, ಗಂಜಿ, ಅಂದರೆ ಮುಂದೆ ಬಿಟ್ಟುಹೋದರೂ ಬೇಜಾರಿಲ್ಲದ್ದು. ಇನ್ನೊಂದು: ಕೆಂಪು ಔಷಧಿ ಕೊಟ್ಟ ದಿನ ಮೂತ್ರವೂ ಕೆಂಪಗೆ ಹೋಗುತ್ತದೆ, ಅದು ಔಷಧಿಯ ಬಣ್ಣ. ಡೇ ಕೇರಿನಲ್ಲಿ ಹೇಳಿದ್ದನ್ನು ನಾನು ಅವನಿಗೆ ದಾಟಿಸಿರಲಿಲ್ಲ. ರಾತ್ರಿ ಬಾತ್‌ರೂಮಿನಿಂದ ಅವನು ಕೂಗಿಕೊಂಡದ್ದು ಓನರ್ ಮನೆಗೂ ಕೇಳಿತು.

4. ಥರ್ಮಾಮೀಟರು ದಿಂಬಿನ ಪಕ್ಕ ಇರಲಿ. 100.4 ಡಿಗ್ರಿ ದಾಟಿದರೆ ಅರ್ಧರಾತ್ರಿಯಾದರೂ ಆಟೋ ಹಿಡಿಯಿರಿ. ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ನಾಲ್ಕನೇ ಕೀಮೋ ನಂತರ ಒಂದು ರಾತ್ರಿ 101 ಬಂತು. ನಾನು ದೊಡ್ಡ ಪಂಡಿತನಂತೆ ಪ್ಯಾರಾಸಿಟಮಾಲ್ ಕೊಟ್ಟು ‘ಬೆಳಿಗ್ಗೆ ನೋಡೋಣ ಮಲಗೋ’ ಎಂದೆ. ಜ್ವರ ಇಳಿಯಿತು, ಸೋಂಕು ಇಳಿದಿರಲಿಲ್ಲ. ‘ರಾತ್ರಿನೇ ಯಾಕೆ ಕರ್ಕೊಂಡು ಬರ್ಲಿಲ್ಲ?’ ಎಂದು ನರ್ಸ್ ಕೇಳಿದಾಗ ಬಾಯಿಗೆ ಮಾತು ಬರಲಿಲ್ಲ. ಐದು ದಿನ ಡ್ರಿಪ್ಪಿನಲ್ಲಿ ಆಂಟಿಬಯೋಟಿಕ್ ಹಾಕಿದರು.

5. ಕ್ಯಾನ್ಸರಿಗೆ ಮದ್ದು ಅಂತ ಲಕ್ಷ್ಮಣಫಲದ ಎಲೆ ಬಂದೇ ಬರುತ್ತದೆ. ತಂದವರ ಮನಸ್ಸು ನೋಯಿಸದೆ ಇಸಿದುಕೊಳ್ಳಿ. ಡಾಕ್ಟರನ್ನು ಕೇಳದೆ ಯಾವ ಕಷಾಯವೂ ಬೇಡ.

6. ಮೂರನೇ ವಾರ ಕೂದಲು ದಿಂಬಿಗೆ ಅಂಟತೊಡಗಿತು. ನಾನೂ ತಲೆ ಬೋಳಿಸುತ್ತೇನೆ ಅಂದೆ. ‘ಬ್ಯಾಡ ಮಗಾ, ಇಬ್ರೂ ತಿರುಪತಿಗೆ ಹೋಗಿ ಬಂದೋರ ಥರ ಕಾಣ್ತೀವಿ, ಲಡ್ಡು ಎಲ್ಲಿ ಅಂತಾರೆ’ ಎಂದ. ಬಿಟ್ಟೆ.

7. ಚಿಕಿತ್ಸೆ ಮುಗಿದ ಮೇಲೆ ಜಾಗ ಖಾಲಿ ಮಾಡಬೇಡಿ. ಅಮ್ಮ ಊರಿಗೆ ಹೋದರು, ಫೋನುಗಳೂ ನಿಂತವು. ಅವನಿಗೆ ಭಯ ಶುರುವಾದದ್ದೇ ಆಗ. ಮೂರು ತಿಂಗಳಿಗೊಮ್ಮೆ ತಪಾಸಣೆ. ಹಿಂದಿನ ರಾತ್ರಿ ನಿದ್ದೆ ಮಾಡುವುದಿಲ್ಲ, ಕೈ ಸುಮ್ಮನೆ ಕತ್ತು ತಡಕುತ್ತಿರುತ್ತದೆ. ಧೈರ್ಯದ ಮಾತು ನನಗೆ ಬರುವುದಿಲ್ಲ. ಕ್ಯಾರಂ ಬೋರ್ಡು ತೆಗೆಯುತ್ತೇನೆ. ಸ್ಟ್ರೈಕರ್ ಹಿಡಿದರೆ ಕೈ ಕತ್ತಿಗೆ ಹೋಗುವುದಿಲ್ಲ. ಕಳೆದ ಸಲ ರಾತ್ರಿ ಎರಡೂವರೆಯಾಯಿತು. ರೆಡ್ ಅವನೇ ಹಾಕಿದ.